ಎರಡು ಹಗ್ಗ, ಒಂದು ಭದ್ರ ಗಂಟು

ಬಾವಿಯ ಹಗ್ಗ ನೀರಿಗೆ ಮುಟ್ಟದಿದ್ದಾಗ, ಹುಲ್ಲು ಹೇರಿದ ಗಾಡಿಗೆ ಸುತ್ತಿದ ಹಗ್ಗ ಒಂದು ಮಾರು ಕಡಿಮೆ ಬಿದ್ದಾಗ, ಕೈಗೆ ಸಿಕ್ಕ ಇನ್ನೊಂದು ತುಂಡನ್ನು ಒಂದರ ಮೇಲೊಂದು ಎರಡು ಗಂಟು ಹಾಕಿ ಸೇರಿಸಿಬಿಡುವುದು ರೂಢಿ. ಹೀಗೆ ಬೀಳುವುದು ಹೆಚ್ಚಾಗಿ ರೀಫ್ ನಾಟ್ ಅಥವಾ ಅದರ ತಪ್ಪು ರೂಪ. ಬ್ಯಾಂಡೇಜಿಗೆ ಅದು ಒಳ್ಳೆಯ ಗಂಟು. ಭಾರ ಎಳೆಯುವ ಎರಡು ಹಗ್ಗಗಳ ನಡುವೆ ಅದನ್ನು ಹಾಕಲೇಬಾರದು. ಅದರ ಒಂದು ಗಿಡ್ಡ ತುದಿಯನ್ನೂ ಅದೇ ಹಗ್ಗದ ಉದ್ದನೆಯ ಭಾಗವನ್ನೂ ಹಿಡಿದು ವಿರುದ್ಧ ದಿಕ್ಕಿಗೆ ಜಗ್ಗಿ ನೋಡಿ: ಆ ಹಗ್ಗ ನೆಟ್ಟಗಾಗುತ್ತದೆ, ಇನ್ನೊಂದು ಹಗ್ಗ ಬರಿಯ ಸುತ್ತಾಗಿ ಉಳಿದು ಜಾರಿ ಹೊರಬರುತ್ತದೆ.

ಇದಕ್ಕೆ ಬದಲು ಶೀಟ್ ಬೆಂಡ್ ಕಲಿಯಬೇಕು. ನೇಕಾರರು ಕಡಿದ ನೂಲನ್ನು ಸೇರಿಸುವ ಗಂಟಿಗೂ ಮೀನುಬಲೆಯ ಕಣ್ಣಿನ ಗಂಟಿಗೂ ಇದೇ ರಚನೆ. ದಪ್ಪ ಹಗ್ಗಕ್ಕೆ ತೆಳು ಹಗ್ಗವನ್ನು ಜೋಡಿಸಲು ಇದು ವಿಶೇಷವಾಗಿ ಒಗ್ಗುತ್ತದೆ.

ಮೊದಲು ದಪ್ಪ ಹಗ್ಗದ ತುದಿಯನ್ನು ಮಡಚಿ ಕುಣಿಕೆ ಮಾಡಿ, ಅದರ ಬಾಗು ನಿಮ್ಮ ಬಲಕ್ಕೆ, ಗಿಡ್ಡ ತುದಿ ಆಚೆ ಬದಿಗೆ, ಉದ್ದ ಭಾಗ ನಿಮ್ಮ ಕಡೆಗೆ ಬರುವಂತೆ ನೆಲದ ಮೇಲಿಡಿ. ತೆಳು ಹಗ್ಗದ ತುದಿಯನ್ನು ಬಲಗಡೆಯಿಂದ ತಂದು ಕುಣಿಕೆಯ ಅಡಿಯಿಂದ ಮೇಲಕ್ಕೆ ತೂರಿಸಿ. ಬಳಿಕ ಅದನ್ನು ಗಿಡ್ಡ ತುದಿಯ ಮೇಲಿಂದ ಆಚೆಗೆ ದಾಟಿಸಿ, ಕುಣಿಕೆಯ ಎರಡೂ ಎಳೆಗಳ ಅಡಿಯಿಂದ ನಿಮ್ಮ ಕಡೆಗೆ ತನ್ನಿ. ಈಗ ಉಳಿದಿರುವುದೇ ಮುಖ್ಯ ಹಂತ: ತುದಿಯನ್ನು ಕುಣಿಕೆಯ ಮೇಲ್ಭಾಗದಲ್ಲಿ ಆಚೆಗೆ ಒಯ್ಯುವಾಗ, ಕುಣಿಕೆಯೊಳಗಿಂದ ಮೇಲೆದ್ದು ಬಂದ ತೆಳು ಹಗ್ಗದ ಅಡಿಯಲ್ಲಿಯೇ ತೂರಿಸಬೇಕು; ಅದನ್ನು ಮತ್ತೆ ಕುಣಿಕೆಯೊಳಕ್ಕೆ ಇಳಿಸಬಾರದು. ಸರಿಯಾಗಿ ಬಂದಿದ್ದರೆ ಎರಡು ಗಿಡ್ಡ ತುದಿಗಳೂ ಒಂದೇ ಬದಿಗೆ ಇರುತ್ತವೆ. ಅವು ಎದುರುಬದುರಾಗಿದ್ದರೆ ಗಂಟು ಅಷ್ಟು ಭದ್ರವಲ್ಲ, ಬಿಚ್ಚಿ ಮತ್ತೆ ಹಾಕಿ.

ತೆಳು ಹಗ್ಗ ತೀರಾ ಸಣ್ಣದಾಗಿದ್ದರೆ ಅಥವಾ ನುಣುಪಾಗಿದ್ದರೆ ಅದೇ ತುದಿಯನ್ನು ಎಳೆಗಳ ಸುತ್ತ ಇನ್ನೊಮ್ಮೆ ತಂದು, ಮೊದಲಿನ ಸುತ್ತಿನ ಪಕ್ಕದಲ್ಲಿಯೇ ಅದೇ ಜಾಗದಲ್ಲಿ ತೂರಿಸಿ. ಈ ಜೋಡಿ ಸುತ್ತನ್ನು ಯಾವಾಗಲೂ ಹಾಕುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಖರ್ಚಾಗುವುದು ಒಂದು ಗೇಣು ಹಗ್ಗ ಮಾತ್ರ. ಗಂಟನ್ನು ಕೈಯಲ್ಲಿ ಒತ್ತಿ ಒಪ್ಪಮಾಡಿ, ಉದ್ದ ಭಾಗಗಳನ್ನು ನಿಧಾನವಾಗಿ ಎಳೆದು ಬಿಗಿಗೊಳಿಸಿ. ಗಿಡ್ಡ ತುದಿಗಳನ್ನು ಹಗ್ಗದ ದಪ್ಪದ ಹನ್ನೆರಡು ಪಟ್ಟಾದರೂ ಉದ್ದ ಉಳಿಸಿ.

ಒಂದೇ ದಪ್ಪದ ಎರಡು ನೈಲಾನ್ ಹಗ್ಗಗಳಿಗೆ ಡಬಲ್ ಫಿಶರ್‌ಮನ್ ಗಂಟು ಹೆಚ್ಚು ನಂಬಿಕೆಯದು. ತುದಿಗಳನ್ನು ಎದುರುಬದುರು ದಿಕ್ಕಿನಲ್ಲಿ ಅಕ್ಕಪಕ್ಕ ಇಟ್ಟು, ಒಂದರ ತುದಿಯನ್ನು ಎರಡೂ ಹಗ್ಗಗಳ ಸುತ್ತ ಎರಡು ಬಾರಿ ಸುತ್ತಿ ಆ ಸುತ್ತುಗಳೊಳಗಿಂದಲೇ ತೂರಿಸಿ. ಇನ್ನೊಂದು ತುದಿಯಲ್ಲೂ ಹಾಗೆಯೇ ಮಾಡಿ ಉದ್ದ ಭಾಗಗಳನ್ನು ಎಳೆದರೆ ಎರಡು ಗಂಟುಗಳೂ ಬಂದು ಒಂದಕ್ಕೊಂದು ಕೂರುತ್ತವೆ. ಭಾರ ಬಿದ್ದ ಮೇಲೆ ಇದನ್ನು ಬಿಚ್ಚುವುದು ಬಹಳ ಕಷ್ಟ, ಆದ್ದರಿಂದ ದಿನವೂ ಬಿಚ್ಚಿ ಕಟ್ಟುವ ಕಡೆ ಬೇಡ.

ಯಾವ ಗಂಟು ಹಾಕಿದರೂ ಆ ಜಾಗದಲ್ಲಿ ಹಗ್ಗದ ಬಲ ಕುಗ್ಗುತ್ತದೆ, ಕೆಲವೊಮ್ಮೆ ಅರ್ಧಕ್ಕೇ ಇಳಿಯುತ್ತದೆ. ಶೀಟ್ ಬೆಂಡ್ ಭಾರವಿಲ್ಲದೆ ಅಲುಗಾಡುತ್ತಿದ್ದರೆ ಸಡಿಲಗೊಳ್ಳುವುದೂ ಉಂಟು, ಹೀಗಾಗಿ ಪ್ರತಿ ಸಲ ಭಾರ ಹಾಕುವ ಮೊದಲು ಅದನ್ನು ಮುಟ್ಟಿ ನೋಡಬೇಕು. ಮನುಷ್ಯರು ಬಾವಿಗೆ ಇಳಿಯುವ ಅಥವಾ ಮರ ಹತ್ತುವ ಹಗ್ಗವನ್ನು ಮಾತ್ರ ಹೀಗೆ ಜೋಡಿಸಬೇಡಿ. ಅಲ್ಲಿಗೆ ಬೇಕಾದಷ್ಟು ಉದ್ದದ ಒಂದೇ ಹಗ್ಗವನ್ನು ತನ್ನಿ.