‘ಕೇಳಿಸಿತೇ’ ಎಂದು ಕೇಳಬಾರದು: ಶ್ರುತಿಕವೆಯ ಜೊತೆ ನನ್ನ ಅನುಭವ

ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಎಂ.ಎಸ್. ಓದುವಾಗ ಪ್ರಬಂಧಕ್ಕೆ ವಿಷಯ ಆರಿಸುವ ಹೊತ್ತು ಬಂದಾಗ ನನ್ನ ಜೊತೆಯವರು ಎಂಡೋಸ್ಕೋಪಿ, ಸಿ.ಟಿ. ಸ್ಕ್ಯಾನ್‌ಗಳ ಕಡೆಗೆ ಹೋದರು. ನಾನು ಹಿಡಿದದ್ದು ಶಾಲೆಯ ವಿಜ್ಞಾನದ ಪೆಟ್ಟಿಗೆಯಲ್ಲೂ ಸಿಗುವ ಶ್ರುತಿಕವೆಯನ್ನು. ತಟ್ಟಿದರೆ ಒಂದೇ ಸ್ವರದಲ್ಲಿ ಮಿಡಿಯುವ, ಎರಡು ಕವಲಿನ ಲೋಹದ ಕಡ್ಡಿ ಅದು; ಆಸ್ಪತ್ರೆಯಲ್ಲಿ ಎಲ್ಲರೂ ಟ್ಯೂನಿಂಗ್ ಫೋರ್ಕ್ ಎನ್ನುತ್ತೇವೆ. ಕೋಲಾರದ ನಮ್ಮ ಹೊರರೋಗಿ ವಿಭಾಗಕ್ಕೆ ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರಗಳಿಂದ ಬಸ್ ಹತ್ತಿ ಬರುತ್ತಿದ್ದ ಅನೇಕರು ಅದಕ್ಕೂ ಮೊದಲು ಊರ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿಬಂದವರು. ಅಂಥ ಕಡೆ ಶಬ್ದ ನುಸುಳದ ಕೋಣೆಯನ್ನು, ಕಿವಿಯ ಶಕ್ತಿ ಅಳೆಯುವ ಆಡಿಯೋಮೀಟರ್ ಯಂತ್ರವನ್ನು ನಿರೀಕ್ಷಿಸುವಂತಿಲ್ಲ. ಒಂದು ಕವೆ ಇದ್ದೀತು. ಆ ಕವೆಯ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಕವೆಯಿಂದ ಮಾಡುವ ಎರಡು ಪರೀಕ್ಷೆಗಳೂ ಹಳೆಯವು. ಒಂದನ್ನು ಜರ್ಮನಿಯ ವೈದ್ಯ ವೆಬರ್ 1834ರಲ್ಲಿ, ಇನ್ನೊಂದನ್ನು ಅಲ್ಲಿಯವರೇ ಆದ ರಿನ್ನೆ 1855ರಲ್ಲಿ ವಿವರಿಸಿದ್ದು. ರಿನ್ನೆ ಪರೀಕ್ಷೆಯಲ್ಲಿ ಮಿಡಿದ ಕವೆಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಆಮೇಲೆ ಕವೆಯನ್ನು ಕಿವಿಯ ರಂಧ್ರದ ಎದುರು ಹಿಡಿದು, ಎಲ್ಲಿ ಜೋರು ಎಂದು ಕೇಳುತ್ತೇವೆ. ಆರೋಗ್ಯವಂತ ಕಿವಿಗೆ ಗಾಳಿಯ ದಾರಿಯ ಸದ್ದೇ ಜೋರು. ಕಿವಿಯ ತಮಟೆ ತೂತಾಗಿ ಸೋರುತ್ತಿದ್ದರೆ, ಒಳಗಿನ ಪುಟ್ಟ ಮೂಳೆಗಳು ಸವೆದಿದ್ದರೆ, ಮೂಳೆಯ ದಾರಿಯ ಸದ್ದು ಜೋರಾಗುತ್ತದೆ. ವೆಬರ್‌ನಲ್ಲಿ ಕವೆಯನ್ನು ಹಣೆಯ ನಡುವೆ ಇಟ್ಟು ಸದ್ದು ಯಾವ ಕಡೆಗೆ ಹೋಗುತ್ತದೆ ಎಂದು ಕೇಳುತ್ತೇವೆ. ನಾನು ಬಳಸಿದ್ದು 512 ಹರ್ಟ್ಸ್ ಕವೆ, ಅಂದರೆ ಸೆಕೆಂಡಿಗೆ 512 ಸಲ ಅದುರುವಂಥದ್ದು. 256ರ ಕವೆಯ ಕಂಪನ ಚರ್ಮಕ್ಕೇ ಹೆಚ್ಚು ತಿಳಿಯುತ್ತದೆ, 1024ರದು ಬೇಗ ಆರಿಹೋಗುತ್ತದೆ.

ಯೋಜನೆ ಸರಳವಾಗಿತ್ತು. ಕಿವಿ ಮಂದ ಎಂದು ಬಂದವರನ್ನು ಬಂದ ಸಾಲಿನಲ್ಲೇ ತೆಗೆದುಕೊಳ್ಳುವುದು, ನಾನು ಕವೆಯಿಂದ ನೋಡಿ ಬರೆದಿಡುವುದು, ನಂತರ ಶ್ರವಣ ಪರೀಕ್ಷಕರಾದ ಆಡಿಯಾಲಜಿಸ್ಟ್ ಯಂತ್ರದಿಂದ ಅಳೆದು ಆಡಿಯೋಗ್ರಾಮ್ ಎಂಬ ನಕ್ಷೆ ತೆಗೆಯುವುದು. ಅವರದನ್ನು ನಾನು, ನನ್ನದನ್ನು ಅವರು ನೋಡುವಂತಿಲ್ಲ. ನೈತಿಕ ಸಮಿತಿಯ ಒಪ್ಪಿಗೆಯೂ ಸಿಕ್ಕಿತು. ಆದರೆ ಮೊದಲ ವಾರಗಳಲ್ಲೇ ಎರಡು ತಪ್ಪು ಮಾಡಿದೆ.

ಕೆಲವು ರೋಗಿಗಳು ಬೆಳಿಗ್ಗೆಯೇ ಆಡಿಯೋಗ್ರಾಮ್ ಮುಗಿಸಿ ಬರುತ್ತಿದ್ದರು. ಕಾಗದ ಫೈಲಿನ ಮೇಲೆಯೇ ಪಿನ್ ಆಗಿರುತ್ತಿತ್ತು. ಒಮ್ಮೆ ಕಣ್ಣಿಗೆ ಬಿದ್ದದ್ದನ್ನು ಮರೆಯುವುದು ಹೇಗೆ? ಉತ್ತರ ಕಾಗದಕ್ಕೆ ಹೊಂದದಿದ್ದರೆ ಮತ್ತೊಮ್ಮೆ ಕವೆ ಮಿಡಿದು ಕೇಳುತ್ತಿದ್ದೆ, ಹೊಂದಿದರೆ ಮೊದಲ ಉತ್ತರವನ್ನೇ ಬರೆದುಕೊಳ್ಳುತ್ತಿದ್ದೆ. ಹೀಗೆ ಮಾಡುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ; ಪಕ್ಕದಲ್ಲಿ ಕೂತು ನೋಡಿದ ಗೈಡ್ ತೋರಿಸಿಕೊಟ್ಟರು. ಎರಡನೆಯ ತಪ್ಪು ಇನ್ನೂ ದೊಡ್ಡದು. ಆಡಿಯೋಗ್ರಾಮ್‌ಗೆ ಸಾಲು ಉದ್ದವಾದ ದಿನ, ಕವೆಯಲ್ಲಿ ಸರಿ ಕಂಡವರನ್ನು ಮನೆಗೆ ಕಳುಹಿಸಿಬಿಡುತ್ತಿದ್ದೆ. ಕವೆ ತಪ್ಪಿಸಿಕೊಂಡ ರೋಗಿಗಳು ಇರುವುದೇ ಆ ಗುಂಪಿನಲ್ಲಿ. ಅವರನ್ನು ಯಂತ್ರದ ಮುಂದೆ ಕೂರಿಸದಿದ್ದರೆ ಕವೆ ಎಂದೂ ಸೋಲದಂತೆ ಲೆಕ್ಕದಲ್ಲಿ ಕಾಣುತ್ತದೆ. ರೋಗಪತ್ತೆಯ ಸಂಶೋಧನೆಗಳನ್ನು ವರದಿ ಮಾಡುವ ಬಗೆಗೆ 2003ರಲ್ಲಿ ಬಂದು 2015ರಲ್ಲಿ ಪರಿಷ್ಕರಣೆಗೊಂಡ ಸ್ಟಾರ್ಡ್ ಎಂಬ ಪಟ್ಟಿಯಿದೆ. ಎರಡು ಪರೀಕ್ಷೆಗಳನ್ನೂ ಎಷ್ಟು ಜನ ಮುಗಿಸಿದರು, ಒಂದರ ಫಲಿತಾಂಶ ತಿಳಿಯದೆ ಇನ್ನೊಂದನ್ನು ಮಾಡಲಾಯಿತೇ ಎಂದು ಅದು ನೇರವಾಗಿ ಕೇಳುತ್ತದೆ. ಅದನ್ನು ಮುಂದಿಟ್ಟುಕೊಂಡು ಆ ವಾರಗಳ ಹಾಳೆಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಆರಂಭಿಸಿದೆ. ಹೊಟ್ಟೆ ಉರಿಯಿತು, ನಿಜ. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ.

ಆಮೇಲೆ ಎದುರಾದದ್ದು ಪುಸ್ತಕದಲ್ಲಿಲ್ಲದ ತೊಡಕು. ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿ. ಕವೆಯನ್ನು ಕಿವಿಯ ಹಿಂದೆ ಒತ್ತಿ “ಕೇಳಿಸಿತೇ ಅಜ್ಜಿ?” ಎಂದೆ. “ಹ್ಞೂಂ.” ಕಿವಿಯ ಮುಂದೆ ಹಿಡಿದು “ಇಲ್ಲಿ?” “ಹ್ಞೂಂ.” “ಯಾವುದು ಜೋರು?” ಅಜ್ಜಿ ನನ್ನ ಮುಖ ನೋಡಿ, “ನೀವು ಯಾವುದು ಅಂದರೆ ಅದೇ, ತಾಯಿ” ಎಂದರು. ನನ್ನ ಮೇಲಿನ ಗೌರವದಿಂದ ಬಂದ ಉತ್ತರ ಅದು. ಪರೀಕ್ಷೆಗೆ ಅದರಿಂದ ಉಪಯೋಗವಿಲ್ಲ. ಅವರ ಕೈಯನ್ನು ಹಿಡಿದು ಬೆರಳ ಗೆಣ್ಣಿನ ಮೇಲೆ ಕವೆ ಇಟ್ಟೆ. “ಇದು ಅದುರುವುದು. ಇದನ್ನು ಬಿಟ್ಟುಬಿಡಿ. ಸದ್ದು ಮಾತ್ರ ಹೇಳಿ.” ಆಗ ಅವರು ಬೆರಗಾಗಿ, ಇಷ್ಟು ಹೊತ್ತು ಅದುರುವುದನ್ನೇ ಸದ್ದು ಎಂದುಕೊಂಡಿದ್ದೆ ಎಂದರು.

ಅಂದಿನಿಂದ ಪ್ರಶ್ನೆಯ ಪದಗಳನ್ನೂ ಪರೀಕ್ಷೆಯ ಭಾಗ ಎಂದೇ ಎಣಿಸಿದೆ. ‘ಕೇಳಿಸಿತೇ’ ಎಂದು ಕೇಳುವುದನ್ನು ಬಿಟ್ಟೆ; ಅದಕ್ಕೆ ಹೌದು ಎನ್ನದವರಿಲ್ಲ. “ಮೊದಲು ಹಿಂದೆ ಇಡುತ್ತೇನೆ, ಅದು ಒಂದು. ಆಮೇಲೆ ಮುಂದೆ, ಅದು ಎರಡು. ಯಾವ ಸದ್ದು ದೊಡ್ಡದೋ ಅಷ್ಟು ಬೆರಳು ತೋರಿಸಿ.” ಇದೇ ಮಾತು, ಪ್ರತಿಯೊಬ್ಬರಿಗೂ, ಒಂದಕ್ಷರ ಬದಲಾಗದೆ. ಕೋಲಾರದಲ್ಲಿ ಮನೆಯಲ್ಲಿ ತೆಲುಗು ಆಡಿ ಕನ್ನಡ ಮಾತ್ರ ಓದಬಲ್ಲವರು ಬಹಳ. ಅವರಿಗಾಗಿ ಆ ಮಾತನ್ನೂ ಒಪ್ಪಿಗೆ ಪತ್ರವನ್ನೂ ಇಲ್ಲಿನ ತೆಲುಗಿನಲ್ಲಿ, ಕನ್ನಡ ಲಿಪಿಯಲ್ಲಿ ಬರೆಸಿದೆ. ನಮ್ಮ ವಿಭಾಗದ ಆಯಾ ಒಬ್ಬರು ಅದನ್ನು ಓದಿ, “ಹೀಗೆ ಯಾರೂ ಮಾತನಾಡುವುದಿಲ್ಲ ಮೇಡಂ” ಎಂದು ಎರಡು ಸಲ ತಿದ್ದಿಸಿದರು. ಅವರು ಹೇಳಿದ್ದು ಸರಿಯಾಗಿತ್ತು.

ಕೈಗೆ ಹತ್ತಿದ ಇನ್ನು ಕೆಲವು ಸಂಗತಿಗಳಿವೆ. ಕವೆಯನ್ನು ಮೇಜಿಗೆ ಹೊಡೆದರೆ ಬೇಡದ ಸ್ವರಗಳೂ ಏಳುತ್ತವೆ, ಆದ್ದರಿಂದ ಮೊಣಕೈಗೆ ತಟ್ಟಬೇಕು. ಮೂಳೆಗೆ ಒತ್ತುವಾಗ ಇನ್ನೊಂದು ಕೈ ತಲೆಗೆ ಆಸರೆ ಕೊಟ್ಟಿರಬೇಕು, ಇಲ್ಲದಿದ್ದರೆ ತಲೆ ಓಲಿ ಒತ್ತಡ ಸಡಿಲವಾಗುತ್ತದೆ. ಕವೆ ಕಿವಿಯ ಆಲೆಗೆ ತಾಗಬಾರದು. ಹೆಂಗಸರು ಮಾಟಿ ಹಾಕಿದ್ದರೆ ಕವೆ ಅದಕ್ಕೆ ತಗುಲಿ ಕಿಣಿ ಕಿಣಿ ಎನ್ನುತ್ತದೆ, ಉತ್ತರ ಆ ಸದ್ದಿಗೆ ಬರುತ್ತದೆ. ಮಾಟಿ ಬಿಚ್ಚಿಸಿ ಅವರ ಕೈಗೇ ಕೊಡುತ್ತಿದ್ದೆ. ಫ್ಯಾನ್ ಆರಿಸುತ್ತಿದ್ದೆ, ಏಪ್ರಿಲ್ ಬಿಸಿಲಿನಲ್ಲೂ.

ಲೆಕ್ಕ ಹಾಕಿದಾಗ ನನ್ನ ಹಾಳೆಗಳು ಹೇಳಿದ್ದು ಇದು. ಕವೆ ‘ಮೂಳೆಯೇ ಜೋರು’ ಎಂದಾಗ ಅದನ್ನು ಬಹುಮಟ್ಟಿಗೆ ನಂಬಬಹುದು. ‘ಸರಿಯಿದೆ’ ಎಂದಾಗ ಅಷ್ಟು ಬೇಗ ನಂಬಬಾರದು. ಕಾರಣವೂ ತಿಳಿದದ್ದೇ. 512ರ ಕವೆ ‘ಮೂಳೆಯೇ ಜೋರು’ ಎನ್ನುವುದು ಗಾಳಿ ಮತ್ತು ಮೂಳೆಯ ದಾರಿಗಳ ನಡುವಣ ಅಂತರ ಸುಮಾರು 20ರಿಂದ 25 ಡೆಸಿಬೆಲ್ ಮುಟ್ಟಿದ ಮೇಲೆಯೇ. ಅದಕ್ಕಿಂತ ಚಿಕ್ಕ ತಡೆ ಅದಕ್ಕೆ ಕಾಣುವುದಿಲ್ಲ. ತಮಟೆಯ ಹಿಂದೆ ನೀರು ತುಂಬಿ ತರಗತಿಯಲ್ಲಿ ಮಂಕಾಗಿ ಕೂರುವ ಮಗು ಹೀಗೆಯೇ ತಪ್ಪಿಹೋಗಬಹುದು. ಅಂಥ ಮಗುವಿನ ತಾಯಿಗೆ ಕವೆಯ ಬಲದ ಮೇಲೆ ಧೈರ್ಯ ಹೇಳಿ ಕಳುಹಿಸುವುದು ದೊಡ್ಡ ಅಪರಾಧ ಎಂದೇ ನನ್ನ ಎಣಿಕೆ.

ನಂಬಬಹುದಾದ ಕಡೆಯಲ್ಲೂ ಕವೆ ಒಮ್ಮೆ ನನ್ನನ್ನು ದಾರಿ ತಪ್ಪಿಸಿತು. ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವ ಹುಡುಗ, ಇಪ್ಪತ್ತು ದಾಟಿದವನು. ಎಡಗಿವಿ ಕೇಳಿಸದು. ತಮಟೆ ನೋಡಿದರೆ ನಿರ್ಮಲವಾಗಿದೆ. ರಿನ್ನೆ ಮಾಡಿದೆ: ಒಂದು ಬೆರಳು, ಅಂದರೆ ಮೂಳೆ ಜೋರು. ಬರೆದುಕೊಂಡೆ. ವೆಬರ್ ಮಾಡಿದೆ: ಬಲಕ್ಕೆ ಕೈ ತೋರಿಸಿದ. ಎಡಗಿವಿಯಲ್ಲಿ ಸದ್ದಿಗೆ ತಡೆ ಇದ್ದಿದ್ದರೆ ಅದು ಎಡಕ್ಕೇ ಹೋಗಬೇಕಿತ್ತು. “ಫೋನ್ ಯಾವ ಕಿವಿಗೆ ಹಿಡಿಯುತ್ತೀಯಪ್ಪ?” “ಯಾವಾಗಲೂ ಬಲಕ್ಕೆ ಮೇಡಂ. ಚಿಕ್ಕವನಾಗಿದ್ದಾಗ ಮಂಗನಬಾವು ಬಂದಿತ್ತು.” ಬಲಗಿವಿಗೆ ಬೇರೇನೂ ಕೇಳಿಸದಂತೆ ಗೊರಗೊರ ಸದ್ದು ಮಾಡುವ ಬರಾನಿ ಪೆಟ್ಟಿಗೆಯನ್ನು ಅಲ್ಲಿ ಹಿಡಿದು ಮತ್ತೆ ನೋಡಿದೆ. ಈಗ ಎಡಗಡೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಎಡಮೂಳೆಗೆ ಇಟ್ಟ ಕವೆಯ ಸದ್ದನ್ನು ಅಷ್ಟು ಹೊತ್ತು ತಲೆಬುರುಡೆಯ ಮೂಲಕ ಬಲಗಿವಿಯೇ ಕೇಳಿಸಿಕೊಳ್ಳುತ್ತಿತ್ತು. ದೋಷ ಇದ್ದದ್ದು ಎಡಗಿವಿಯ ನರದಲ್ಲಿ; ಮಂಗನಬಾವು ಹಾಗೆ ಮಾಡಬಲ್ಲದು. ಬರೆದುಕೊಂಡದ್ದನ್ನು ತಿದ್ದಬೇಕೆನ್ನಿಸಿತು. ಆದರೆ ಲೆಕ್ಕಕ್ಕೆ ಮೊದಲ ರಿನ್ನೆಯೇ ಸೇರಬೇಕೆಂದು ಬರೆದುಕೊಟ್ಟಿದ್ದವಳು ನಾನೇ. ತಿದ್ದಲಿಲ್ಲ. ಕೋಷ್ಟಕದಲ್ಲಿ ಅವನು ಕವೆಯ ತಪ್ಪುಗಳ ಸಾಲಿನಲ್ಲಿಯೇ ಉಳಿದಿದ್ದಾನೆ.

ಎಡಗಿವಿಗೆ ಆಪರೇಷನ್ ಆದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅದಕ್ಕೆಂದು ಅವನು ಕೂಲಿಯಲ್ಲಿ ಹಣ ಕೂಡಿಡುತ್ತಿದ್ದ. ಆಡಿಯೋಗ್ರಾಮ್ ಕೈಗೆ ಬಂದ ಮೇಲೆ ಕೂರಿಸಿಕೊಂಡು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ತೋರಿಸಬೇಕು, ಕನ್ನಡದಲ್ಲಿ ಬರೆದುಕೊಡಿ ಎಂದ. ಕಾಗದದ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಬರೆದೆ: ಎಡಗಿವಿಯಲ್ಲಿ ನರದ ದೋಷ. ತಮಟೆ ಚೆನ್ನಾಗಿದೆ, ತಮಟೆಯ ಆಪರೇಷನ್ ಬೇಡ. ಬಲಗಿವಿಯನ್ನು ವರ್ಷಕ್ಕೊಮ್ಮೆ ತೋರಿಸಿ. ಮಂಡಿಯಲ್ಲಿ ಎಡಗಡೆಯಿಂದ ಲಾರಿ ಬಂದರೆ ಇವನಿಗೆ ಕೇಳಿಸುವುದಿಲ್ಲ, ಜೊತೆಯವರು ಗಮನವಿಡಿ.