ರೇಡಿಯೇಟರ್ ನೀರು ಸ್ನಾನದ ನೀರಿಗೆ ಸೇರದ ಹಾಗೆ ನೋಡ್ಕೊಳ್ಳೋದು ಹೇಗೆ?

ಸೆಂಟ್ರಲ್ ಹೀಟಿಂಗ್ ಇರೋ ಮನೇಲಿ ಒಂದೇ ಬಾಯ್ಲರ್ ಎರಡು ಥರದ ನೀರು ಕಾಯಿಸತ್ತೆ. ಒಂದು ನಲ್ಲಿ ತಿರುಗಿಸಿದ್ರೆ ಬರೋದು, ಸ್ನಾನಕ್ಕೆ, ಪಾತ್ರೆ ತೊಳೆಯೋಕೆ. ಇನ್ನೊಂದು ಬಾಯ್ಲರಿಂದ ರೇಡಿಯೇಟರಿಗೆ, ಅಲ್ಲಿಂದ ವಾಪಸ್ ಬಾಯ್ಲರಿಗೆ, ವರ್ಷಗಟ್ಲೆ ಸುತ್ತುತ್ತಾನೇ ಇರೋ ನೀರು. ಈ ಎರಡನೇದನ್ನ ಒಂದ್ಸಲ ಬಿಳಿ ಮಗ್ಗಿಗೆ ಹಿಡಿದು ನೋಡಿ, ಹೀಟಿಂಗ್ ಆಫ್ ಮಾಡಿ ಪೂರ್ತಿ ತಣ್ಣಗಾದ್ಮೇಲೆ ರೇಡಿಯೇಟರಿನ ಗಾಳಿ ಬಿಡೋ ಸ್ಕ್ರೂ ಸ್ವಲ್ಪ ಸಡಿಲ ಮಾಡಿದ್ರೆ ಸಾಕು. ಹಳೇ ಸಿಸ್ಟಮ್ ಆದ್ರೆ ನೀರು ಕಪ್ಪಗಿರತ್ತೆ, ತಳದಲ್ಲಿ ಪುಡಿ ಕೂರತ್ತೆ, ಮಗ್ಗಿನ ಹೊರಗಡೆಯಿಂದ ಮ್ಯಾಗ್ನೆಟ್ ಆಡಿಸಿದ್ರೆ ಆ ಪುಡಿ ಅದರ ಹಿಂದೆನೇ ಓಡತ್ತೆ. ಅದು ಮ್ಯಾಗ್ನಟೈಟ್, ಒಳಗಿನ ಕಬ್ಬಿಣ ಸವೆದು ಆಗೋದು.

ಆ ಸವೆತ ತಡೆಯೋಕೆ ಅಂತ ಈ ನೀರಿಗೆ ಇನ್ಹಿಬಿಟರ್ ಅನ್ನೋ ಕೆಮಿಕಲ್ ಹಾಕ್ತಾರೆ, ಬ್ರ್ಯಾಂಡ್ ನೋಡ್ಕೊಂಡು ಮಾಲಿಬ್ಡೇಟ್, ನೈಟ್ರೈಟ್, ಫಾಸ್ಫೇಟ್ ಹೀಗೆ ಏನೇನೋ ಇರತ್ತೆ. ಪೈಪ್ ಹೆಪ್ಪುಗಟ್ಟೋ ಭಯ ಇದ್ರೆ ಆಂಟಿಫ್ರೀಜ್ ಕೂಡ ಹಾಕ್ತಾರೆ. ಆಂಟಿಫ್ರೀಜಲ್ಲಿ ಎರಡು ಥರ ಇದೆ, ಎಥಿಲೀನ್ ಗ್ಲೈಕಾಲ್ ಅನ್ನೋದು ನಿಜವಾಗ್ಲೂ ವಿಷ, ಅದೂ ಸಿಹಿಯಾಗಿರೋ ವಿಷ, ನಾಲಿಗೆಗೆ ಗೊತ್ತೇ ಆಗಲ್ಲ. ಪ್ರೊಪಿಲೀನ್ ಗ್ಲೈಕಾಲ್ ವಿಷದ ಲೆಕ್ಕದಲ್ಲಿ ಎಷ್ಟೋ ವಾಸಿ. 1987ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ ಒಂದು ಫೈರ್ ಹಾಲಲ್ಲಿ, ಅಂದ್ರೆ ಅಗ್ನಿಶಾಮಕದವರ ಕಟ್ಟಡದಲ್ಲಿ, ಪಿಕ್‌ನಿಕ್ ನಡೆದಾಗ, ಹೀಟಿಂಗ್ ಲೈನಿಂದ ಎಥಿಲೀನ್ ಗ್ಲೈಕಾಲ್ ಸೇರಿದ್ದ ನಲ್ಲಿ ನೀರಲ್ಲೇ ಜ್ಯೂಸ್ ಥರದ್ದು ಕಲಸಿ ಕೊಟ್ಟು ಮಕ್ಕಳು ಹುಷಾರು ತಪ್ಪಿದ್ರು. ಯಾರೂ ಬೇಕಂತ ಮಾಡಿದ್ದಲ್ಲ, ಎರಡು ಲೈನ್ ಎಲ್ಲೋ ಒಂದು ಕಡೆ ಕೂಡಿತ್ತು ಅಷ್ಟೇ.

ನಿಮ್ಮನೇದು ಯಾವ ಥರ?

ಮೊದಲ್ನೇ ಕೆಲ್ಸ ಇದು, ಇದು ಗೊತ್ತಾಗದೆ ಕೆಮಿಕಲ್ ಬಾಟಲಿ ಮುಚ್ಚಳ ತೆಗೀಬೇಡಿ. ಬಿಸಿನೀರಿನ ಸಿಲಿಂಡರ್, ಅಂದ್ರೆ ಕಾದ ನೀರು ತುಂಬಿಡೋ ಡ್ರಮ್, ಇಲ್ಲದೆ ನಲ್ಲಿ ತಿರುಗಿಸಿದಾಗ್ಲೇ ನೀರು ಕಾಯ್ತಿದ್ರೆ ಅದು ಕಾಂಬಿ ಬಾಯ್ಲರ್, ಅದರೊಳಗೆ ತೆಳು ತಗಡುಗಳನ್ನ ಒತ್ತಿ ಜೋಡಿಸಿದ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಎರಡೂ ನೀರನ್ನ ಬೇರೆ ಇಡತ್ತೆ. ಸಿಲಿಂಡರ್ ಇದ್ರೆ ಸಾಮಾನ್ಯವಾಗಿ ಅದರೊಳಗೆ ಸುರುಳಿ ಸುತ್ತಿದ ಪೈಪ್ ಇರತ್ತೆ, ಅದೇ ಕಾಯಿಲ್, ಬಾಯ್ಲರ್ ನೀರು ಕಾಯಿಲ್ ಒಳಗೆ, ಸ್ನಾನದ ನೀರು ಹೊರಗೆ. ಅಟ್ಟದ ಮೇಲೆ ಒಂದು ದೊಡ್ಡ ಟ್ಯಾಂಕು ಒಂದು ಚಿಕ್ಕ ಟ್ಯಾಂಕು ಎರಡೂ ಇದ್ರೆ ಚಿಕ್ಕದು ರೇಡಿಯೇಟರಿಗೆ, ದೊಡ್ಡದು ನಲ್ಲಿಗೆ.

ಈಗ ಹುಷಾರಾಗಿರಬೇಕಾದ ಜಾತಿ. ಅಟ್ಟದಲ್ಲಿ ಒಂದೇ ಟ್ಯಾಂಕ್, ಎಲ್ಲೂ ಪ್ರೆಷರ್ ಗೇಜ್ ಇಲ್ಲ, ಆದ್ರೂ ರೇಡಿಯೇಟರ್ ಬಿಸಿ ಆಗ್ತಿದೆ, ಸಿಲಿಂಡರೂ ಇದೆ ಅಂದ್ರೆ ಅದು ಹಳೇ ಕಾಲದ ಸಿಂಗಲ್ ಫೀಡ್ ಸಿಲಿಂಡರ್ ಇರಬಹುದು, ಬ್ರಿಟನ್ ಕಡೆ ಪ್ರೈಮ್ಯಾಟಿಕ್ ಅಂತಾರೆ. ಇದರಲ್ಲಿ ಸ್ನಾನದ ನೀರನ್ನೂ ರೇಡಿಯೇಟರ್ ನೀರನ್ನೂ ಬೇರೆ ಮಾಡ್ತಿರೋದು ಲೋಹ ಅಲ್ಲ, ಒಳಗೆ ಸಿಕ್ಕಿಹಾಕ್ಕೊಂಡ ಒಂದು ಗಾಳಿ ಗುಳ್ಳೆ! ತುಂಬಿಸುವಾಗ ಎರಡೂ ಕಡೆಗೆ ಒಂದೇ ಟ್ಯಾಂಕಿನ ನೀರು ಹೋಗತ್ತೆ, ಆಮೇಲೆ ಗುಳ್ಳೆ ಮಧ್ಯ ನಿಂತ್ಕೊಳತ್ತೆ. ನೀರು ಕುದಿಯೋ ಹಂತಕ್ಕೆ ಹೋದ್ರೆ, ಪಂಪ್ ಜೋರಾದ್ರೆ, ಲೆಕ್ಕಕ್ಕಿಂತ ಜಾಸ್ತಿ ರೇಡಿಯೇಟರ್ ಜೋಡಿಸಿದ್ರೆ ಗುಳ್ಳೆ ಓಡಿಹೋಗತ್ತೆ, ಎರಡೂ ನೀರು ಕಲೆಸಿಹೋಗತ್ತೆ. ಬಿಸಿನೀರಿನ ನಲ್ಲೀಲಿ ಇದ್ದಕ್ಕಿದ್ದ ಹಾಗೆ ತುಕ್ಕುಬಣ್ಣದ ನೀರು ಬಂದ್ರೆ ಅದೇ ಸುಳಿವು. ಹಾಗಾಗಿ ಈ ಥರದ ಸಿಸ್ಟಮ್ಮಿಗೆ ಇನ್ಹಿಬಿಟರ್, ಆಂಟಿಫ್ರೀಜ್, ಕ್ಲೀನರ್ ಯಾವುದನ್ನೂ ಹಾಕಲೇಬಾರದು. ಕೆಮಿಕಲ್ ಬೇಕೇ ಬೇಕು ಅಂದ್ರೆ ಸಿಲಿಂಡರನ್ನೇ ಕಾಯಿಲ್ ಇರೋದಕ್ಕೆ ಬದಲಾಯಿಸಿ, ರೇಡಿಯೇಟರಿಗೆ ಬೇರೆ ಚಿಕ್ಕ ಟ್ಯಾಂಕ್ ಇಡಿಸಿ. ಮಧ್ಯದ ದಾರಿ ಇಲ್ಲ.

ತೂತು ಬಿದ್ರೆ ಯಾವ ಕಡೆಯಿಂದ ಯಾವ ಕಡೆಗೆ?

ಕಾಯಿಲಲ್ಲೋ ಪ್ಲೇಟಲ್ಲೋ ಸೂಜಿಮೊನೆಯಷ್ಟು ತೂತು ಬಿತ್ತು ಅಂದ್ಕೊಳ್ಳಿ, ನೀರು ಪ್ರೆಷರ್ ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ನುಗ್ಗತ್ತೆ. ಗೇಜ್ ಇರೋ ಸಿಸ್ಟಮಲ್ಲಿ ರೇಡಿಯೇಟರ್ ನೀರು ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ (ಬಾರ್ ಅನ್ನೋದು ಪ್ರೆಷರ್ ಅಳತೆ). ಕಾಂಬಿಗೆ ನೇರ ಮೇನ್ ಲೈನಿನ ನೀರು ಬರತ್ತೆ, ಅದರ ಪ್ರೆಷರ್ ಮಾಮೂಲಿ ಇದಕ್ಕಿಂತ ಜಾಸ್ತಿನೇ, ಹಾಗಾಗಿ ಶುದ್ಧ ನೀರು ಹೀಟಿಂಗ್ ಕಡೆಗೆ ನುಗ್ಗಿ ಗೇಜ್ ಮುಳ್ಳು ಮೇಲೇರ್ತಾ ಹೋಗತ್ತೆ, 3 ಬಾರ್ ಹತ್ರ ಸೇಫ್ಟಿ ವಾಲ್ವ್ ತೆರೆದು ಹೊರಗಿನ ಪೈಪಲ್ಲಿ ನೀರು ತೊಟ್ಟಿಕ್ಕತ್ತೆ. ಅಷ್ಟರ ಮಟ್ಟಿಗೆ ಪರವಾಗಿಲ್ಲ, ಆದ್ರೆ ರಿಪೇರಿಗೆ ಅಂತ ಮೇನ್ ಲೈನ್ ಬಂದ್ ಮಾಡಿ ಯಾರೋ ಬಿಸಿನೀರಿನ ನಲ್ಲಿ ತೆಗೆದ್ರೆ ಆಟ ಉಲ್ಟಾ, ಆಗ ಬರೋದು ರೇಡಿಯೇಟರ್ ನೀರೇ.

ನನ್ನ ಕೇಳಿದ್ರೆ ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು ಜೋಡಿ. ರೇಡಿಯೇಟರ್ ಕಡೆ 1 ಬಾರ್ ಮೇಲಿರೋ ಸೀಲ್ಡ್ ಸಿಸ್ಟಮ್ (ಟ್ಯಾಂಕಿಲ್ಲದೆ ಮುಚ್ಚಿದ, ಗೇಜ್ ಇರೋ ಲೈನ್), ಸ್ನಾನದ ನೀರು ಮಾತ್ರ ಅಟ್ಟದ ಟ್ಯಾಂಕಿಂದ ಬರೋದು. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಲೆಕ್ಕ, ಟ್ಯಾಂಕ್ ಸಿಲಿಂಡರಿಗಿಂತ 3 ಮೀಟರ್ ಮೇಲಿದ್ರೆ ಬರೀ 0.3 ಬಾರ್. ಅಂದ್ರೆ ತೂತು ಬಿದ್ದ ಗಳಿಗೆಯಿಂದ ಕೆಮಿಕಲ್ ನೀರು ದಿನಾ ಸ್ನಾನದ ನೀರಿಗೆ ಹೋಗ್ತಾನೇ ಇರತ್ತೆ, ಮನೆಯವರು "ಪ್ರೆಷರ್ ಮತ್ತೆ ಇಳಿದಿದೆ" ಅಂತ ವಾರಕ್ಕೊಂದ್ಸಲ ನೀರು ತುಂಬಿಸ್ತಾ ಇರ್ತಾರೆ. ನಾನೂ ಒಂದು ಚಳಿಗಾಲ ಪೂರ್ತಿ ಹೀಗೇ ತುಂಬಿಸಿದೀನಿ, ನನ್ನ ಪುಣ್ಯಕ್ಕೆ ಅವತ್ತು ಲೀಕ್ ಇದ್ದಿದ್ದು ಮಹಡಿ ಮೇಲಿನ ರೇಡಿಯೇಟರ್ ವಾಲ್ವಲ್ಲಿ, ಕಾರ್ಪೆಟ್ ಎತ್ತಿದಾಗ ಗೊತ್ತಾಯ್ತು. ನೆಲ ಒದ್ದೆ ಇಲ್ಲ, ಆದ್ರೂ ಪ್ರೆಷರ್ ಇಳೀತಿದೆ ಅಂದ್ರೆ ಮೊದಲು ಕಾಯಿಲ್ ಮೇಲೆ ಅನುಮಾನ ಪಡಿ.

ಚೆಕ್ ಮಾಡೋದು

ಗೇಜ್ ಇದ್ರೆ ಸುಲಭ. ರಾತ್ರಿ ಹೀಟಿಂಗ್ ಆಫ್ ಮಾಡಿ ಎಲ್ಲ ತಣ್ಣಗಾಗೋಕೆ ಬಿಡಿ, ನೀರು ತುಂಬಿಸೋ ಪೈಪ್ ಎರಡೂ ಕಡೆ ವಾಲ್ವ್ ಮುಚ್ಚಿ ಬಿಚ್ಚಿಡಿ, ಆಮೇಲೆ ಗೇಜ್ ಗಾಜಿನ ಮೇಲೆ ಮುಳ್ಳಿನ ನೇರಕ್ಕೆ ಸ್ಕೆಚ್ ಪೆನ್ನಲ್ಲಿ ಗೆರೆ ಎಳೀರಿ. ಬೆಳಗ್ಗೆ ಮುಳ್ಳು ಗೆರೆ ದಾಟಿ ಮೇಲಿದ್ರೆ ನಲ್ಲಿ ಕಡೆಯ ನೀರು ಒಳಗೆ ಬರ್ತಿದೆ. ಬಿಸಿ ಆದಾಗ ಸ್ವಲ್ಪ ಏರಿ ತಣ್ಣಗಾದಾಗ ಇಳಿಯೋದು ಮಾಮೂಲಿ, ಬಿಸಿ ಆದಾಗ ಮಾತ್ರ 3 ಬಾರ್ ಹತ್ರ ಏರಿದ್ರೆ ಅದು ಬೇರೆ ಕಾಯಿಲೆ, ಕಾದು ಹಿಗ್ಗಿದ ನೀರಿಗೆ ಜಾಗ ಕೊಡೋ ಎಕ್ಸ್‌ಪಾನ್ಶನ್ ವೆಸಲ್ ಗಾಳಿ ಹೋಗಿರಬಹುದು.

ಎರಡು ಟ್ಯಾಂಕಿನ ಮನೆಯಾದ್ರೆ ಚಿಕ್ಕ ಟ್ಯಾಂಕಿಗೆ ನೀರು ಬರೋ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ರಾತ್ರಿ ಬಿಟ್ಟು ನೋಡಿ. ಬರೀ ಫ್ಲೋಟ್ ಮೇಲೆತ್ತಿ ಕಟ್ಟಿದ್ರೆ ಸಾಲದು, ವಾಷರ್ ಸವೆದಿದ್ರೆ ಅದು ತೊಟ್ಟಿಕ್ಕಿ ನಿಮ್ಮನ್ನ ಏಮಾರಿಸತ್ತೆ. ಮಟ್ಟ ಏರಿದ್ರೆ ದೊಡ್ಡ ಟ್ಯಾಂಕಿನ ನೀರು ಕಾಯಿಲ್ ಮೂಲಕ ಬಂದಿದೆ, ಇಳಿದ್ರೆ ಎಲ್ಲೋ ಹೊರಗೆ ಲೀಕ್, ಇಲ್ಲಾ ಸ್ನಾನದ ನೀರಿಗೇ ಹೋಗ್ತಿದೆ.

ಕೆಮಿಕಲ್ ಹಾಕುವಾಗ

ನೀರು ತುಂಬಿಸೋ ಪೈಪಲ್ಲಿ ಡಬಲ್ ಚೆಕ್ ವಾಲ್ವ್, ಅಂದ್ರೆ ನೀರನ್ನ ವಾಪಸ್ ಬಿಡದ ಜೋಡಿ ವಾಲ್ವ್, ಇರಬೇಕು, ಕೆಲ್ಸ ಮುಗಿದ್ಮೇಲೆ ಪೈಪ್ ಬಿಚ್ಚಿಡಬೇಕು, ಬರೀ ವಾಲ್ವ್ ತಿರುಗಿಸಿ ಬಿಡೋದಲ್ಲ. ನಲ್ಲಿಗೆ ಸಿಕ್ಕಿಸಿದ ಹೋಸ್ ಪೈಪಿನ ಇನ್ನೊಂದು ತುದಿ ಕೆಮಿಕಲ್ ಬಕೆಟ್ಟಲ್ಲಿ ಮುಳುಗಿರೋ ಹಾಗೆ ಯಾವತ್ತೂ ಬಿಡಬೇಡಿ, ಮೇನ್ ಲೈನ್ ಪ್ರೆಷರ್ ಬಿದ್ರೆ ಅದು ಸ್ಟ್ರಾ ಥರ ವಾಪಸ್ ಎಳ್ಕೊಳತ್ತೆ. ಎಷ್ಟು ಹಾಕಬೇಕು ಅನ್ನೋದು ಲೇಬಲ್ ಮೇಲಿರತ್ತೆ. ಕ್ಲೀನರ್ ಹಾಕಿದ್ರೆ ನೀರು ತಿಳಿಯಾಗೋ ತನಕ ಫ್ಲಷ್ ಮಾಡಿ, ಆಮೇಲೇ ಇನ್ಹಿಬಿಟರ್. ಆಂಟಿಫ್ರೀಜ್ ಬೇಕಿದ್ರೆ ಪ್ರೊಪಿಲೀನ್ ಗ್ಲೈಕಾಲ್‌ದೇ ತಗೊಳ್ಳಿ.

ಲೀಕ್ ಇರೋದು ಖಾತ್ರಿ ಆದ್ರೆ

ಬಿಸಿನೀರಿನ ನಲ್ಲಿ ನೀರನ್ನ ಕುಡಿಯೋಕೆ, ಅಡುಗೆಗೆ, ಬ್ರಷ್ ಮಾಡೋಕೆ ಬಳಸಬೇಡಿ, ಆಂಟಿಫ್ರೀಜ್ ಇರೋ ಸಿಸ್ಟಮ್ ಆದ್ರೆ ಸ್ನಾನಕ್ಕೂ ಬೇಡ. ಬಾಯ್ಲರ್ ಆಫ್ ಮಾಡಿದ್ರೆ ಲೀಕ್ ನಿಲ್ಲಲ್ಲ, ಪ್ರೆಷರ್ ಅಲ್ಲೇ ಕೂತಿರತ್ತೆ, ರೇಡಿಯೇಟರ್ ಕಡೆಯ ಡ್ರೈನ್ ಕಾಕಿಂದ ಗೇಜ್ ಸೊನ್ನೆಗೆ ಬರೋ ತನಕ ನೀರು ಇಳಿಸಬೇಕು. ತೂತು ಬಿದ್ದ ಕಾಯಿಲ್ ಬೆಸುಗೆ ಹಾಕಿಸ್ತೀನಿ ಅಂತ ಹೋಗಬೇಡಿ, ಇನ್ನೊಂದು ಕಡೆ ಬೀಳತ್ತೆ, ಸಿಲಿಂಡರನ್ನೇ ಬದಲಾಯಿಸೋದು. ಕಾಂಬಿ ಆದ್ರೆ ಪ್ಲೇಟ್ ಎಕ್ಸ್‌ಚೇಂಜರ್ ಮಾತ್ರ ಬದಲಾಯಿಸಬಹುದು, ಆದ್ರೆ ಗ್ಯಾಸ್ ಬಾಯ್ಲರ್ ಕವರ್ ಬಿಚ್ಚೋದು ಲೈಸೆನ್ಸ್ ಇರೋರ ಕೆಲ್ಸ. ಎಲ್ಲ ಕೂರಿಸಿ ಆದ್ಮೇಲೆ ಬಿಸಿನೀರಿನ ನಲ್ಲಿಗಳನ್ನೆಲ್ಲ ಒಂದೊಂದಾಗಿ ತೆಗೆದು ಬಿಡಿ, ಶವರ್ ಮರೀಬೇಡಿ, ಹಳೇ ನೀರು ಅದರ ಹೋಸಲ್ಲೇ ನಿಂತಿರತ್ತೆ.