ಟೈಮಿಂಗ್ ಬೆಲ್ಟ್ ಬದಲಿಸುವ ಕಾಲವನ್ನು ನಾನು ನಿರ್ಧರಿಸಿದ ಬಗೆ

ನನ್ನ ಕಾರಿನ ಕೈಪಿಡಿಯಲ್ಲಿ ಟೈಮಿಂಗ್ ಬೆಲ್ಟಿನ ಬಗ್ಗೆ ಇರುವುದು ಒಂದೇ ಸಾಲು: 1,00,000 ಕಿಲೋಮೀಟರ್ ಅಥವಾ 6 ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಬದಲಿಸಬೇಕು. ನಾನು ಆ ಕಾರನ್ನು ಕೊಂಡಾಗ ಅದಕ್ಕೆ 7 ವರ್ಷ ದಾಟಿತ್ತು. ಓಡಿದ್ದು ಮಾತ್ರ 58,000 ಕಿಲೋಮೀಟರ್. ಕಿಲೋಮೀಟರಿನ ಲೆಕ್ಕ ಹಿಡಿದರೆ ಬೆಲ್ಟಿಗೆ ಇನ್ನೂ ಸಾಕಷ್ಟು ಆಯುಸ್ಸಿತ್ತು, ವರ್ಷದ ಲೆಕ್ಕ ಹಿಡಿದರೆ ಗಡುವು ಆಗಲೇ ಕಳೆದಿತ್ತು. ಹಿಂದಿನ ಸರ್ವಿಸ್ ದಾಖಲೆಗಳಲ್ಲಿ ಬೆಲ್ಟ್ ಬದಲಿಸಿದ ಉಲ್ಲೇಖ ಎಲ್ಲಿಯೂ ಇರಲಿಲ್ಲ. ಬಿಲ್ಲು ಅಥವಾ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಬೇಕು ಎಂಬುದು ಹಳೆಯ ಕಾರಿನ ವಿಷಯದಲ್ಲಿ ನಾನು ಬಿಡದೆ ಪಾಲಿಸುವ ನಿಯಮ.

ಆದರೂ ಒಮ್ಮೆಲೇ ತೀರ್ಮಾನಕ್ಕೆ ಬರದೆ, ಬೆಲ್ಟ್ ತುಂಡಾದರೆ ನನ್ನ ಎಂಜಿನ್ನಿಗೆ ಏನಾಗುತ್ತದೆ ಎಂಬುದನ್ನು ಮೊದಲು ವಿಚಾರಿಸಿದೆ. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ, ವಾಲ್ವುಗಳನ್ನು (ಕವಾಟಗಳನ್ನು) ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗುವಂತೆ ಎರಡನ್ನೂ ಹಿಡಿದಿಡುವುದೇ ಈ ಬೆಲ್ಟಿನ ಕೆಲಸ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ಪೂರ್ತಿ ತೆರೆದ ವಾಲ್ವಿಗೂ ಮೇಲೆ ಬಂದ ಪಿಸ್ಟನ್ನಿಗೂ ನಡುವೆ ಜಾಗ ಉಳಿಯುತ್ತದೆ. ಅಂಥವುಗಳಲ್ಲಿ ಬೆಲ್ಟ್ ಹೋದರೆ ಕಾರು ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ. ನನ್ನದು ಇಂಟರ್‌ಫಿಯರೆನ್ಸ್ ಮಾದರಿಯ ಎಂಜಿನ್. ಇದರಲ್ಲಿ ಬೆಲ್ಟ್ ಹೋದ ಕ್ಷಣ ಕ್ಯಾಮ್‌ಶಾಫ್ಟ್ ನಿಂತು, ಇನ್ನೂ ಓಡುತ್ತಲೇ ಇರುವ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ಅವುಗಳನ್ನು ಬಗ್ಗಿಸುತ್ತವೆ. ಸಿಲಿಂಡರ್ ಹೆಡ್ ಬಿಚ್ಚದೆ ಬೇರೆ ದಾರಿಯಿರುವುದಿಲ್ಲ. ಈ ಒಂದು ಸಂಗತಿ ಗೊತ್ತಾದ ಮೇಲೆ, ಇನ್ನಷ್ಟು ದಿನ ಓಡಿಸಿ ನೋಡೋಣ ಎಂಬ ಯೋಚನೆಯನ್ನೇ ಕೈಬಿಟ್ಟೆ.

ಮೇಲಿನ ಕವರ್ ತೆಗೆದು ಬೆಲ್ಟನ್ನು ನೋಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ನಾನೂ ಕವರ್ ತೆಗೆದು ಟಾರ್ಚ್ ಹಿಡಿದು ನೋಡಿದೆ. ಬಿರುಕಿಲ್ಲ, ಅಂಚಿನಲ್ಲಿ ಎಳೆ ಬಿಟ್ಟಿಲ್ಲ, ಹಲ್ಲುಗಳು ನೆಟ್ಟಗಿದ್ದವು. ಇಷ್ಟರಿಂದ ಬೆಲ್ಟ್ ಚೆನ್ನಾಗಿದೆ ಎನ್ನಲಾಗದು. ನಿಯೋಪ್ರೀನ್ ಎಂಬ ರಬ್ಬರ್ ಬಳಸಿ ಮಾಡುತ್ತಿದ್ದ ಹಳೆಯ ಕಾಲದ ಬೆಲ್ಟುಗಳು ಬಿಸಿಗೆ ಗಡುಸಾಗಿ, ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತಿದ್ದವು. ಆಮೇಲೆ ಬಂದ, ಎಚ್‌ಎನ್‌ಬಿಆರ್ ಎಂಬ ಶಾಖ ತಾಳುವ ರಬ್ಬರಿನ ಬೆಲ್ಟುಗಳು ಆಯುಸ್ಸಿನ ಕೊನೆಯ ಹಂತದಲ್ಲಿಯೂ ಹೊರನೋಟಕ್ಕೆ ಹೊಸದರಂತೆಯೇ ಕಾಣಬಹುದು. ಅದಲ್ಲದೆ ಎಳೆತವನ್ನೆಲ್ಲ ಹೊರುವುದು ರಬ್ಬರಿನೊಳಗೆ ಹುದುಗಿರುವ ಗಾಜಿನ ನಾರಿನ ಹುರಿ. ಅದು ದಣಿದಿದೆಯೇ ಇಲ್ಲವೇ ಎಂಬುದು ಯಾವ ಟಾರ್ಚಿನ ಬೆಳಕಿಗೂ ಕಾಣುವುದಿಲ್ಲ. ಕಣ್ಣಿಗೆ ಕೆಟ್ಟದಾಗಿ ಕಂಡ ಬೆಲ್ಟನ್ನು ತಕ್ಷಣ ಬದಲಿಸಬೇಕು ಎಂಬುದು ನಿಜವಾದರೂ, ಚೆನ್ನಾಗಿ ಕಂಡ ಬೆಲ್ಟನ್ನು ಬಿಡಬಹುದು ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ.

ಇನ್ನು ಕಿಲೋಮೀಟರಿನ ಲೆಕ್ಕವೂ ಬೆಲ್ಟಿನ ದುಡಿಮೆಯನ್ನು ಪೂರ್ತಿಯಾಗಿ ಹೇಳುವುದಿಲ್ಲ. ಸರಾಸರಿ 60 ಕಿಲೋಮೀಟರ್ ವೇಗದಲ್ಲಿ ಓಡಿದ ಕಾರು 60,000 ಕಿಲೋಮೀಟರ್ ಮುಗಿಸಲು 1,000 ಗಂಟೆ ತೆಗೆದುಕೊಂಡರೆ, ದಟ್ಟಣೆಯಲ್ಲಿ ಸರಾಸರಿ 20 ಕಿಲೋಮೀಟರ್ ವೇಗದಲ್ಲಿ ತೆವಳಿದ ಕಾರು ಅಷ್ಟೇ ದೂರಕ್ಕೆ 3,000 ಗಂಟೆ ದುಡಿದಿರುತ್ತದೆ. ಕಾರು ನಿಂತಿದ್ದು ಎಂಜಿನ್ ಓಡುತ್ತಿರುವಾಗ ಓಡೋಮೀಟರ್ ಕದಲದಿದ್ದರೂ ಬೆಲ್ಟ್ ತಿರುಗುತ್ತಲೇ ಇರುತ್ತದೆ, ಕವರಿನೊಳಗಿನ ಬಿಸಿಯೂ ಏರುತ್ತದೆ. ನನ್ನ ಕಾರು ಬಹುಪಾಲು ದಟ್ಟಣೆಯಲ್ಲಿಯೇ ಓಡಿದ್ದರಿಂದ 58,000 ಎಂಬ ಅಂಕಿ ನನಗೆ ಸಮಾಧಾನ ಕೊಡಲಿಲ್ಲ. ವಿಪರೀತ ಬಿಸಿ, ವಿಪರೀತ ಚಳಿ, ಧೂಳು ಇರುವ ಕಡೆ ಗಡುವನ್ನು ಮೊಟಕುಗೊಳಿಸುವಂತೆ ಅನೇಕ ಕೈಪಿಡಿಗಳೇ ಹೇಳುತ್ತವೆ. ಸಾಮಾನ್ಯವಾಗಿ ಯಾರೂ ಓದದ ಅಡಿಟಿಪ್ಪಣಿಯಲ್ಲಿ ಆ ಮಾತು ಇರುತ್ತದೆ.

ಕೊನೆಯ ಅಳುಕನ್ನೂ ನಿವಾರಿಸಿದ್ದು ಕವರಿನ ಒಳಬದಿಯಲ್ಲಿ ಕಂಡ ಎಣ್ಣೆಯ ಪಸೆ. ಕ್ಯಾಮ್‌ಶಾಫ್ಟಿನ ಆಯಿಲ್ ಸೀಲ್ ಸೋರತೊಡಗಿತ್ತು. ಬೆಲ್ಟ್ ಎಣ್ಣೆಯಲ್ಲಿಯೇ ಓಡುವಂತೆ ರೂಪಿಸಿದ ಎಂಜಿನ್ನುಗಳ ಮಾತು ಬೇರೆ. ಒಣದಾಗಿ ಓಡಬೇಕಾದ ಬೆಲ್ಟಿಗೆ ಎಣ್ಣೆ ಅಥವಾ ಕೂಲೆಂಟ್ ತಗುಲಿದರೆ ರಬ್ಬರ್ ಮೆತ್ತಗಾಗಿ ಹಲ್ಲುಗಳು ಕಳಚುವ ಅಪಾಯವಿದೆ. ಅಂಥ ಬೆಲ್ಟನ್ನು ಗಡುವು ನೋಡದೆ ಕೂಡಲೇ ಬದಲಿಸಬೇಕು.

ಬದಲಿಸುವುದೆಂದು ನಿಶ್ಚಯಿಸಿದ ಮೇಲೆ, ಅದರೊಂದಿಗೆ ಇನ್ನೇನು ಬದಲಿಸಬೇಕು ಎಂಬ ಪ್ರಶ್ನೆ ಎದ್ದಿತು. ಈ ಕೆಲಸದಲ್ಲಿ ಬೆಲ್ಟಿಗಿಂತ ಅದನ್ನು ತಲುಪುವ ಶ್ರಮವೇ ದೊಡ್ಡದು: ಎಂಜಿನ್ ಮೌಂಟ್, ಹೊರಗಿನ ಬೆಲ್ಟುಗಳು, ಕ್ರ್ಯಾಂಕ್ ಪುಲ್ಲಿ, ಕವರುಗಳು ಎಲ್ಲವೂ ಹೊರಬರಬೇಕು. ಆದ್ದರಿಂದ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ತೋರುವ ಐಡ್ಲರ್ ಪುಲ್ಲಿ, ಸೀಲುಗಳು ಮತ್ತು ಇದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇವೆಲ್ಲವನ್ನೂ ಒಟ್ಟಿಗೇ ತಂದೆ. ಹಳೆಯ ಪಂಪ್ ಸೋರುತ್ತಿರಲಿಲ್ಲ. ಆದರೆ ಅದರ ಬೇರಿಂಗ್ ಮುಂದೊಂದು ದಿನ ಸಿಕ್ಕಿಬಿದ್ದರೆ ಹೊಸ ಬೆಲ್ಟನ್ನೂ ಹಾಳುಮಾಡುತ್ತದೆ. ಬಿಚ್ಚಿದ ಟೆನ್ಷನರನ್ನು ಬೆರಳಿನಲ್ಲಿ ತಿರುಗಿಸಿ ನೋಡಿದಾಗ ಒರಟಾದ ಸದ್ದು ಕೇಳಿಸಿತು. ಎಂಜಿನ್ ಓಡುವಾಗ ಅದು ಒಮ್ಮೆಯೂ ಕೇಳಿಸಿರಲಿಲ್ಲ.

ಕೆಲಸವನ್ನು ಪರಿಚಿತ ಮೆಕ್ಯಾನಿಕ್ ಒಬ್ಬರ ಜೊತೆ ನಿಂತು ಮಾಡಿಸಿದೆ. ಮೊದಲ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ಸ್ಥಾನಕ್ಕೆ ತಂದು, ಎರಡೂ ಶಾಫ್ಟುಗಳ ಸ್ಥಾನ ತೋರಿಸುವ ಗುರುತುಗಳನ್ನು ಹೊಂದಿಸಿ, ಹೊಸ ಬೆಲ್ಟನ್ನು ಎಲ್ಲಿಯೂ ಮಡಿಸದೆ ಕೂರಿಸಿದೆವು; ಮಡಿಸಿದರೆ ಒಳಗಿನ ನಾರು ಮುರಿಯುತ್ತದೆ. ಬಳಿಕ ಕ್ರ್ಯಾಂಕ್‌ಶಾಫ್ಟನ್ನು ಸ್ಪ್ಯಾನರ್ ಹಾಕಿ ಕೈಯಿಂದಲೇ, ಎಂಜಿನ್ ಓಡುವ ದಿಕ್ಕಿನಲ್ಲಿ, ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡಿದ್ದನ್ನು ಖಚಿತಪಡಿಸಿಕೊಳ್ಳುವವರೆಗೆ ಸ್ಟಾರ್ಟ್ ಮಾಡಲಿಲ್ಲ. ಒಂದು ಹಲ್ಲು ತಪ್ಪಿದ್ದರೂ ಆ ಎರಡು ಸುತ್ತಿನಲ್ಲಿ ಗೊತ್ತಾಗುತ್ತದೆ.

ಬದಲಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಬರೆದ ಚೀಟಿಯನ್ನು ಬಾನೆಟ್ಟಿನ ಒಳಗೆ ಅಂಟಿಸಿದ್ದೇನೆ. ಮುಂದಿನ ಗಡುವನ್ನು ಆ ದಿನಾಂಕದಿಂದ 5 ವರ್ಷಕ್ಕೆ ಇಟ್ಟುಕೊಂಡಿದ್ದೇನೆ. ಕೈಪಿಡಿಗಿಂತ ಒಂದು ವರ್ಷ ಕಡಿಮೆ ಮಾಡಿದ್ದು ದಟ್ಟಣೆಯ ಓಡಾಟದ ಲೆಕ್ಕಕ್ಕೆ. ಅಷ್ಟರೊಳಗೆ ಕವರಿನ ಅಂಚಿನಲ್ಲಿ ಎಣ್ಣೆಯೋ ಕೂಲೆಂಟೋ ಮತ್ತೆ ಕಂಡರೆ ಚೀಟಿಯನ್ನು ನೋಡದೆ ಬಿಚ್ಚಿಸುತ್ತೇನೆ.